ಬಣ್ಣ ಹತ್ತದ ಹೊಕ್ಕುಳು

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬುದು ಹಿರಿಯರ ಗಾದೆ. ನೀರಿಗೆ ಬಂದ ದೋಣಿ ದಲ್ಲಾಳಿಯ ಬಾಯಿಗೆ ಬಾರದಿರುವುದೇ ಎಂಬುದು ಬೀರಾ ಬಂದರಿನ ತಿದ್ದುಪಡಿ. ಮುಂದಿನ ಕತೆಗೆ ಮಾತ್ರ ತಿದ್ದುಪಡಿಯಿಲ್ಲ. ನಡೆದದ್ದು ನಡೆದ ಹಾಗೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ವಿಧವೆ ದಾಯೆಂಗ್ ಕಾನಾಂಗ್ ಠಾಣೆಗೆ ಬಂದಳು. ಗಂಡ ಬಿಟ್ಟುಹೋದ ದೋಣಿಯನ್ನು ಮಾರಿಕೊಡಲು ದಲ್ಲಾಳಿ ದಾಯೆಂಗ್ ಸಿಬಾಲಿಗೆ ಒಪ್ಪಿಸಿದ್ದಳು. ದಾಯೆಂಗ್ ಎಂಬುದು ಆ ಊರಿನ ಮರ್ಯಾದೆಯ ಮಾತು, ಹೆಣ್ಣಿಗೂ ಗಂಡಿಗೂ ಒಂದೇ. ಗಿರಾಕಿ ಸಿಕ್ಕಿಲ್ಲ, ದೋಣಿ ರಿಪೇರಿಗೆ ಹೋಗಿದೆ ಎಂದೇ ಅವನು ದಿನ ತಳ್ಳುತ್ತಿದ್ದ.

“ಇವತ್ತು ನೋಡಿದ್ರೆ ಬಂದರಲ್ಲೇ ನಿಂತಿದೆ ಸಾಹೇಬ್ರೇ! ಬಿಳೀದು ನೀಲಿಯಾಗಿದೆ. ಸಂಜೆ ಉಬ್ಬರಕ್ಕೆ ಹೊರಡುತ್ತಂತೆ.”

“ನಿಮ್ಮದೇ ಅಂತ ಹೆಂಗೆ ಹೇಳ್ತೀರಿ?” ಇನ್‌ಸ್ಪೆಕ್ಟರ್ ಆಂದಿ ಪಾಲೆವಾ ಕೇಳಿದರು.

“ಅಂಗಿ ಬದಲಾಯಿಸಿದ್ರೆ ಹೆತ್ತೋಳಿಗೆ ಮಗು ಗುರುತು ಸಿಗಲ್ವಾ? ಅದರ ಹೊಕ್ಕುಳು ನೋಡಿ. ಕೊರೆಯುವಾಗ ಮೇಸ್ತ್ರಿ ಸೀನಿದ, ತೂತು ಎಡಕ್ಕೆ ವಾಲಿತು.”

ನಗು ಬಂದರೂ ಪಾಲೆವಾ ಎಫ್‌ಐಆರ್‌ನಲ್ಲಿ ಸೀನನ್ನೂ ಬರೆಸಿದರು. ದೋಣಿ ಕಡಲಿಗಿಳಿದರೆ ಈ ಹೆಂಗಸಿಗೆ ದೋಣಿಯೂ ಇಲ್ಲ, ದುಡ್ಡೂ ಇಲ್ಲ.

ಹತ್ತು ಗಂಟೆಗೆ ಬಂದರಿನಲ್ಲಿ ಪಂಚನಾಮೆ. ನೋಂದಣಿ ಸಂಖ್ಯೆ ಕೆತ್ತಿದ್ದ ಜಾಗ ನುಣ್ಣಗಾಗಿತ್ತು. ಮೂತಿಯ ಮೇಲೆ ‘ಚಹಾಯಾ’ ಎಂಬ ಹೊಸ ಹೆಸರು. ಕೊಂಡವನು ಫ್ಲೋರೆಸ್ ದ್ವೀಪದ ಯೋಸೆಫ್.

“ಪೂರಾ ದುಡ್ಡು ದಲ್ಲಾಳಿ ಕೈಗೆ ಕೊಟ್ಟಿದೀನಿ, ತಿಳೀತಾ? ಜೋಪಾನವಾಗಿರುತ್ತೆ ಅಂದ, ತಿಳೀತಾ?”

ಸಿಬಾಲಿ ಕಾಗದ ಚಾಚಿದ. “ಚಹಾಯಾ ನನ್ನ ಸ್ವಂತ ದೋಣಿ. ಓದ್ಕೊಳ್ಳಿ.” ಹೇಳಿ ಕಚೇರಿಗೆ ನಡೆದ.

ಕಾಗದ ಸರಿಯಾಗಿಯೇ ಇತ್ತು. ಹೊಕ್ಕುಳು ಮಾತ್ರ ಯೋಸೆಫ್ ತುಂಬಿಸಿದ್ದ ಸಿಮೆಂಟು ಚೀಲಗಳ ಅಡಿಯಲ್ಲಿತ್ತು. ಇಳಿಸುವಷ್ಟರಲ್ಲಿ ಉಬ್ಬರ ಬಂದುಹೋಗುತ್ತದೆ. ಗುರುತು ಸಿಗದೆ ತಡೆಯುವಂತಿಲ್ಲ.

ಪಾಲೆವಾ ಮೀಸೆ ತಿರುವಿದರು. ನೀರಿಗಿಳಿಸುವ ಮುನ್ನ ಅಡಿಮರದ ನಡುವೆ ತೂತು ಕೊರೆದು ಬೆಣೆ ಹೊಡೆದರೆ ದೋಣಿಗೆ ಜೀವ; ಅದೇ ಅದರ ಹೊಕ್ಕುಳು. ಆಮೇಲೆ ಅದನ್ನು ಮುಟ್ಟಿದವನ ಮನೆ ಹಾಳು ಎಂಬುದು ಈ ಕರಾವಳಿಯ ನಂಬಿಕೆ. ಸಂಖ್ಯೆ ಹೆರೆದು ಅಳಿಸಿದವನೂ ಅದನ್ನು ಮುಟ್ಟಿರಲಾರ. ಕಳ್ಳನಾದರೂ ಇಲ್ಲಿಯವನೇ ತಾನೆ!

“ಬಾಸೋ, ಯೋಸೆಫ್ ಆಗು.”

ಠಾಣೆಯವರ ದನಿಯನ್ನೆಲ್ಲ ಅಣಕಿಸಿ ಬೈಸಿಕೊಂಡಿದ್ದ ಪೇದೆ ಬಾಸೋ ಯೋಸೆಫನ ಫೋನನ್ನೇ ಇಸಿದುಕೊಂಡು ಸಿಬಾಲಿಗೆ ಕರೆ ಮಾಡಿದ.

“ಅಣ್ಣಾ, ಅಡೀಲಿ ನೀರು ಜಿನುಗ್ತಿದೆ, ತಿಳೀತಾ? ನಡೂ ಮಧ್ಯದ ಹಳೇ ಬೆಣೆ ಕಿತ್ತು ಸಿಮೆಂಟು ತುಂಬಿಸ್ತೀನಿ, ತಿಳೀತಾ?”

“ಮುಟ್ಟಬೇಡ!”

ಸಿಬಾಲಿ ಲುಂಗಿ ಎತ್ತಿಕಟ್ಟಿ, ಒಂದೇ ಚಪ್ಪಲಿಯಲ್ಲಿ ಓಡಿಬಂದು ದೋಣಿಗೆ ಹಾರಿದ.

“ಕಿತ್ತೆಯೇನೋ? ಅದು ಕಾನಾಂಗ್ ಗಂಡನ ದೋಣಿ ಹೊಕ್ಕುಳು ಕಣೋ! ಮೇಸ್ತ್ರಿ ಸೀನಿದಾಗ ದೀಪ ಹಿಡಿದಿದ್ದೋನೇ ನಾನು! ನಿನ್ನ ಜೊತೆ ನನ್ನ ವಂಶಾನೂ—”

ಚೀಲಗಳ ಹಿಂದಿನಿಂದ ಪಾಲೆವಾ ಎದ್ದರು. ಜೊತೆಗೆ ಇಬ್ಬರು ಪಂಚರು.

“ನಿಮ್ಮ ಸ್ವಂತ ದೋಣಿಗೆ ಅವರ ಹೊಕ್ಕುಳು ಹೆಂಗೆ ಬಂತು, ದಾಯೆಂಗ್?”

ಸಿಬಾಲಿ ಉಳಿದ ಚಪ್ಪಲಿಯನ್ನೂ ಬಿಟ್ಟು ಕುಳಿತ.

ಬಂಧನ ಮಧ್ಯಾಹ್ನ ಹನ್ನೆರಡಕ್ಕೆ. ಸಿಬಾಲಿ ಗಿರಾಕಿಗಳ ಮುಂಗಡವನ್ನು ತನ್ನ ಅಸಲಿ ಚಹಾಯಾ ದೋಣಿಗೆ ಸುರಿದಿದ್ದ. ಅದು ಬಿರುಗಾಳಿಗೆ ಸಿಕ್ಕಿ ದೂರದ ಕಡಲಲ್ಲಿ ಮುಳುಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅದರ ಹೆಸರು, ಕಾಗದ ಎರಡನ್ನೂ ಕಾನಾಂಗ್ ದೋಣಿಗೆ ತೊಡಿಸಿದ್ದ. ಅಂದಿನಿಂದ ಒಬ್ಬರ ತೂತಿಗೆ ಇನ್ನೊಬ್ಬರ ಹಣದ ಬೆಣೆ. ಗಿರಾಕಿಗೊಂದು ಖಾತೆ ಇಡಬೇಕಾದವನು ಗಿರಾಕಿಗೊಂದು ಕತೆ ಇಟ್ಟಿದ್ದ. ಯೋಸೆಫನ ಹಣ ಹಳೆಯ ಸಾಲಕ್ಕೆ ಹೋಗುವ ಮೊದಲೇ ಪಾಲೆವಾ ಬ್ಯಾಂಕಿನಲ್ಲಿ ತಡೆಸಿದರು. ಅದು ನ್ಯಾಯಾಲಯದ ಮೂಲಕ ತನ್ನ ಕೈಸೇರುತ್ತದೆಂದು ಕೇಳಿದ ಮೇಲೆಯೇ ಕಾನಾಂಗ್ ನೀರು ಕುಡಿದಳು.

“ಚಹಾಯಾ ಅಂತಲೇ ಯಾಕೆ ಬರೆಸಿದ್ರಿ?” ಜೀಪಿನಲ್ಲಿ ಪಾಲೆವಾ ಕೇಳಿದರು.

“ಇನ್ನೊಂದು ಸಲ ತೇಲಲಿ ಅನ್ನಿಸ್ತು ಸಾಹೇಬ್ರೇ.” ಹೇಳಿ ಸಿಬಾಲಿ ಹಲ್ಲು ಕಡಿದ. “ಆ ಯೋಸೆಫ್ ಫೋನ್ ಮಾಡದೇ ಇದ್ದಿದ್ರೆ...”

ಮುಂದಿನ ಸೀಟಿನಿಂದ ಬಾಸೋ ತಿರುಗಿದ. “ಯೋಸೆಫ್ ಅಲ್ಲಣ್ಣಾ, ನಾನು. ತಿಳೀತಾ?”

ಸಿಬಾಲಿ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಕೋಳ ತೊಟ್ಟ ಎರಡೂ ಕೈಯಲ್ಲಿ ತನ್ನ ಹೊಕ್ಕುಳನ್ನು ಒತ್ತಿ ಹಿಡಿದುಕೊಂಡು.