ಹಲಗೆ ಗೋಡೆಯ ಉಸಿರು

ಬೀಗದ ಕೈ ಕೊಟ್ಟ ಮೇಲೂ ಮುದುಕಿ ಮನೆಯಿಂದ ಹೊರಡಲಿಲ್ಲ. ಮನೆ ಮಾರಿದವಳು ಅವಳೇ. ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮನೆ ಕೊಂಡ ಅಕ್ಕತಂಗಿಯರ ಮುಖ ನೋಡಿ ದನಿ ಇಳಿಸಿದಳು.

"ಇಡೀ ಮನೆಗೆ ಯಾವ ಬಣ್ಣ ಬೇಕಾದ್ರೂ ಹಚ್ಕೊಳ್ಳಿ. ಈ ಕೋಣೆ ಹಲಗೆಗೆ ಮಾತ್ರ ಹಚ್ಚಬೇಡಿ. ಸಂದು ಮುಚ್ಚಬೇಡಿ."

"ಯಾಕಜ್ಜಿ, ಹಲಗೆಗೆ ಬಣ್ಣ ಅಂದ್ರೆ ಆಗಿಬರಲ್ವಾ?" ತಂಗಿ ನಕ್ಕಳು.

ಮುದುಕಿ ನಗಲಿಲ್ಲ. "ನಮ್ಮ ಯಜಮಾನರ ಅಣ್ಣ ಬಡಗಿ. ಈ ಹಲಗೆಯೆಲ್ಲ ಅವರೇ ಹೊಡೆದದ್ದು. ಆಮೇಲೆ ಮನೆ ಪಾಲಿನ ಜಗಳ ಹುಟ್ತು. ನಮ್ಮನೆಯವರು ಯಾವನನ್ನೋ ಕರೆಸಿ ಮಾಟ ಮಾಡಿಸಿದ್ರು. ಅಣ್ಣನ ಉಸಿರನ್ನ ಹಲಗೆಗೆ ಕಟ್ಟಿಸಿಬಿಟ್ರು. ಮೂರನೇ ದಿನ ಇದೇ ಕೋಣೇಲಿ ಅವರು ಬಾಯಿ ಬಿಟ್ಕೊಂಡು ಸತ್ರು. ಜೀವ ಹೋಯ್ತು, ಉಸಿರು ಹೋಗ್ಲಿಲ್ಲ. ಸಂದೀಲಿ ಇನ್ನೂ ಆಡ್ತಾ ಇದೆ. ಅದನ್ನ ಮುಚ್ಚಿದ್ರೆ ಮನೇಲಿರೋರ ಉಸಿರಿಗೆ ಕೈ ಹಾಕತ್ತೆ."

ತಂಗಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. "ಹದಿನಾಲ್ಕು ವರ್ಷದಿಂದ ಜನರ ಎದೆಯೊಳಗೆ ಇಣುಕ್ತಾ ಇದೀನಿ ಅಜ್ಜಿ. ಒಬ್ಬರ ಉಸಿರನ್ನ ಇನ್ನೊಬ್ಬರು ಎತ್ಕೊಂಡು ಹೋಗಿದ್ದು ಒಂದು ಫಿಲ್ಮಿನಲ್ಲೂ ಕಂಡಿಲ್ಲ" ಎಂದಳು.

ಮುದುಕಿ ತನ್ನ ಫೋನ್ ನಂಬರು ಬರೆದ ಚೀಟಿಯನ್ನು ತಂಗಿಯ ಕೈಗಲ್ಲ, ಅಕ್ಕನ ಕೈಗೆ ಕೊಟ್ಟು ಹೋದಳು.

ಆ ಕೋಣೆ ಬೇಕಾಗಿದ್ದೂ ಅಕ್ಕನಿಗೇ. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಐವತ್ತರ ಮೇಲೆ ಸೂಜಿಯ ಕಣ್ಣು ಕಾಣಲು ಬೆಳಕು ಬೇಕು. ಕೋಣೆಗೆ ದೊಡ್ಡ ಕಿಟಕಿಯೇನೋ ಇತ್ತು. ಆದರೆ ನೆಲದಿಂದ ಸೂರಿನವರೆಗೆ ಕಾಫಿಪುಡಿಯ ಬಣ್ಣದ ಹಲಗೆಗಳು. ಒಳಗೆ ಬಂದ ಬೆಳಕನ್ನೆಲ್ಲ ಅವು ನುಂಗಿಬಿಡುತ್ತಿದ್ದವು. ಹಲಗೆ ಕಿತ್ತು ಹೊಸದಾಗಿ ಗಾರೆ ಮಾಡಿಸುವ ಶಕ್ತಿ ಇಬ್ಬರಿಗೂ ಇರಲಿಲ್ಲ. ತಂಗಿ ನಾಲ್ಕು ದಿನ ರಜೆ ಹಾಕಿದಳು. ಯಾರೋ ಬಣ್ಣ ಕಲೆಸಲು ಹೇಳಿ, ಕೊಳ್ಳದೆ ಬಿಟ್ಟುಹೋಗಿದ್ದ ಕೆನೆಬಣ್ಣದ ಡಬ್ಬವೊಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ಕೂಲಿ ಅವಳದೇ.

"ಅಜ್ಜಿ ಹೇಳಿದ್ದು..." ಎಂದು ಅಕ್ಕ ರಾಗ ಎಳೆದಳು.

"ಅಜ್ಜಿಗೆ ಮನೆ ಬಿಟ್ಟುಹೋಗೋ ಸಂಕಟ ಕಣೇ. ನೀನು ಅದನ್ನ ತಲೆಗೆ ಹಚ್ಕೋಬೇಡ. ಹಲಗೆಗೆ ನಾನು ಹಚ್ತೀನಿ."

ಮೊದಲ ದಿನ ಸೋಪಿನ ನೀರಲ್ಲಿ ಹಲಗೆ ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿದಳು. ಹಳೆಯ ಎಣ್ಣೆಯ ಕಮಟು ಎದ್ದಿತು. ಅದರಡಿ ಇನ್ನೊಂದು ವಾಸನೆ. ಬಹಳ ದಿನ ಹಾಸಿಗೆ ಹಿಡಿದವರ ಬಾಯಿಯದು. ಆಸ್ಪತ್ರೆಯಲ್ಲಿ ದಿನವೂ ಮೂಗಿಗೆ ಬಡಿಯುವ ಅದು ಇಲ್ಲೇಕೆ ಎಂದು ಒಂದು ಗಳಿಗೆ ಕೈ ನಿಲ್ಲಿಸಿದಳು. ಸಂದಿನಿಂದ ಮಣಿಕಟ್ಟಿಗೆ ಬೆಚ್ಚನೆಯ ಗಾಳಿ ಸೋಕಿತು. ನಿಂತಿತು. ಮತ್ತೆ ಸೋಕಿತು. ಹಿಂದೆ ಗೋಡೆ ಪೊಳ್ಳಾಗಿರಬೇಕು ಎಂದುಕೊಂಡು ಸಂದುಗಳಿಗೆಲ್ಲ ಪುಟ್ಟಿ ಮೆತ್ತಿದಳು.

ಸಂಜೆ ಅಕ್ಕ ಕೆಮ್ಮತೊಡಗಿದಳು. ದೂಳು ಎಂದಳು ತಂಗಿ.

ಎರಡನೇ ದಿನ ಪ್ರೈಮರ್. ಬಟ್ಟೆಯ ಗಂಟು ಹೊತ್ತು ಅಂಗಳ ದಾಟುವಷ್ಟರಲ್ಲಿ ಅಕ್ಕ ಎರಡು ಸಲ ಕೂತಳು. ವಾಸನೆ ಎಂದಳು ತಂಗಿ.

ಮೂರನೇ ದಿನ ಬಣ್ಣ. ಕೋಣೆ ಹಾಲಿನಂತೆ ಬೆಳಗಿತು. ಆದರೆ ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಕಿಟಕಿಯ ಎದುರಿನ ಗೋಡೆಯಲ್ಲಿ ಅಂಗೈಯಗಲದ ಕಂದು ಕಲೆ. ಆಳೆತ್ತರದಲ್ಲಿ. ಬಾಯಿ ಇರುವಷ್ಟು ಎತ್ತರದಲ್ಲಿ. ಹಳೆಯ ಮರದ ರಸ ಬಣ್ಣದೊಳಗಿಂದ ಒಸರುವುದುಂಟು ಎಂದು ತಂಗಿಗೆ ಗೊತ್ತಿತ್ತು. ಮುಟ್ಟಿ ನೋಡಿದಳು. ಕಲೆ ಒದ್ದೆಯಾಗಿತ್ತು. ಬೆಚ್ಚಗಿತ್ತು. ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಇನ್ನೊಂದು ಕೋಟು ಎಳೆದಳು.

ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ ಓಡುತ್ತಿತ್ತು. ಹೊರಗೆ ಉರಿಬಿಸಿಲು. ಯಂತ್ರ ನಿಂತಿತು. ಮತ್ತೆ ಓಡಿತು. ಮತ್ತೆ ನಿಂತಿತು. ಆಗ ಎದುರಿನ ಗೋಡೆ ಅಲುಗಿತು.

ಗೋಡೆಯಲ್ಲ, ಬಣ್ಣ. ಇನ್ನೂ ಒಣಗದ ಬಣ್ಣದ ಪೊರೆ ಹಲಗೆ ಬಿಟ್ಟು ಉಬ್ಬಿತು. ಒಳಕ್ಕೆ ಎಳೆದುಕೊಂಡಿತು. ಎಳೆದುಕೊಂಡಾಗ ಪೊರೆಯ ಕೆಳಗೆ ತೆರೆದ ಬಾಯಿಯ ಅಂಚು ಮೂಡಿತು. ತುಟಿ. ಹಲ್ಲು. ಮತ್ತೆ ಉಬ್ಬಿತು.

ತಂಗಿಯ ಕೈಯಿಂದ ಬ್ರಷ್ ಜಾರಿತು. "ಅಕ್ಕಾ!"

ಉತ್ತರವಿಲ್ಲ. ಓಡಿದಳು. ಅಕ್ಕ ಯಂತ್ರದ ಮೇಲೆ ಬೋರಲು ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಎದೆ ಏರುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ತಂಗಿ ಅವಳನ್ನು ಕೆಳಗಿಳಿಸಿ, ಗೋಡೆಗೆ ಒರಗಿಸಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಎಂದರು. ಆ ತುಟಿಗೆ ಐದು ನಿಮಿಷವೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಅಕ್ಕನ ಬೆರಳು ಯಂತ್ರದ ಡ್ರಾಯರು ತೋರಿಸಿತು. ಅದರೊಳಗೆ ಚೀಟಿ.

"ಹಚ್ಚಿದ್ಯಾ?" ಫೋನಿನಲ್ಲಿ ಮುದುಕಿ ಕೇಳಿದ್ದು ಅಷ್ಟೇ.

"ಹಚ್ಚಿದೆ. ಅಕ್ಕ... ಅಜ್ಜಿ, ಏನು ಮಾಡ್ಲಿ ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಕೆರೆದು ತೆಗಿ. ಬಾಯಿ ಎಲ್ಲಿ ಕಾಣತ್ತೋ ಆ ಸಂದು ಬಿಡಿಸು. ಓಡು ಮಗಳೇ!"

ಪುಟ್ಟಿ ಬ್ಲೇಡು ಹಿಡಿದು ಕೆರೆದಳು. ಹಸಿ ಬಣ್ಣ ಕೆನೆಯಂತೆ ಸುತ್ತಿ ಸುತ್ತಿ ಬಂತು. ಪುಟ್ಟಿ ಬರಲಿಲ್ಲ. ಕಲ್ಲಾಗಿತ್ತು. ಬ್ಲೇಡು ಮುರಿಯಿತು. ಉಗುರು ಹಾಕಿದಳು. ಉಗುರು ಕಿತ್ತು ಬಂತು. ಮುಂದಿನ ಕೋಣೆಯಿಂದ ಗೊರ್ ಎಂಬ ಸದ್ದು. ಕತ್ತರಿ ತಂದಳು. ಚುಚ್ಚಿದಳು. ತಿರುವಿದಳು. ಒಂದು ಚೂರು ಹಾರಿತು. ಇನ್ನೊಂದು. ಸಂದು ಕಪ್ಪಗೆ ತೆರೆಯಿತು.

ಗೋಡೆ ಉಸಿರೆಳೆಯಿತು. ಉದ್ದಕ್ಕೆ. ಕಿಟಕಿಯ ಪರದೆ ಒಳಕ್ಕೆ ಉಬ್ಬಿ ಬಂತು. ಅವಳ ಕೂದಲು ಸಂದಿನತ್ತ ಹಾರಿತು. ಎಳೆದದ್ದನ್ನು ಬಿಡಲಿಲ್ಲ. ಹಿಡಿದುಕೊಂಡಿತು.

"ಬಿಡು" ಎಂದಳು. "ಉಸಿರು ಬಿಡು." ದಿನಕ್ಕೆ ನಲವತ್ತು ಸಲ ರೋಗಿಗಳಿಗೆ ಹೇಳುವ ಮಾತು ತಾನಾಗಿ ಬಾಯಿಗೆ ಬಂತು. "ಬಿಡೋ! ಅವಳದ್ದು ಅವಳಿಗೆ ಬಿಡು!"

ಮುಂದಿನ ಕೋಣೆಯಲ್ಲಿ ಆ ಗೊರ್ ಸದ್ದು ನಿಂತಿತು.

ಆ ಮೌನ ಅವಳಿಗೆ ತಡೆಯಲಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ತನ್ನ ಜಡೆ ಹೆಣೆದವಳು, ತನ್ನ ಫೀಸಿಗೆಂದು ಕಣ್ಣು ಬತ್ತುವಷ್ಟು ಹೊಲಿದವಳು ಅಲ್ಲಿ ಬಿದ್ದಿದ್ದಳು. ತಂಗಿ ಗೋಡೆಗೆ ಎರಡೂ ಕೈ ಊರಿದಳು. ಸಂದಿಗೆ ಬಾಯಿ ಹಚ್ಚಿದಳು.

"ನಂದು ತಗೋ."

ಏನೋ ತಣ್ಣಗಿದ್ದದ್ದು ಗಂಟಲಿಗೆ ಇಳಿಯಿತು. ಎದೆಯ ತಳದಲ್ಲಿ ಗಂಟು ಕಟ್ಟಿತು. ಬಿಗಿಯಿತು. ಹಲಗೆಯೊಳಗಿಂದ ಯಾವುದೋ ಗಂಡಸಿನ ನಿಟ್ಟುಸಿರು ಅವಳ ಕೆನ್ನೆ ಸವರಿಕೊಂಡು ಕಿಟಕಿಯಾಚೆ ಹೋಯಿತು. ಕೆಲಸ ಮುಗಿಸಿದವನ ನಿಟ್ಟುಸಿರು. ಮುಂದಿನ ಕೋಣೆಯಲ್ಲಿ ಅಕ್ಕ ಕೆಮ್ಮಿದಳು. ಉಸಿರಾಡಿದಳು. ಅತ್ತಳು.

ಆಂಬ್ಯುಲೆನ್ಸಿನವರು ಬಂದಾಗ ಅಕ್ಕ ಎದ್ದು ಕೂತಿದ್ದಳು. ತಂಗಿಯ ಬೆರಳುಗಳಿಗೆ ಬಟ್ಟೆ ಸುತ್ತಿ, ಇಬ್ಬರನ್ನೂ ಕರೆದೊಯ್ಯುತ್ತೇವೆ ಎಂದರು. ತಂಗಿ ಕೋಣೆಯ ಹೊಸಿಲು ದಾಟಿದಳು, ನಡುಮನೆ ದಾಟಿದಳು, ಅಂಗಳಕ್ಕಿಳಿದು ನಾಲ್ಕು ಹೆಜ್ಜೆ ಇಟ್ಟು ಕುಸಿದಳು. ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರೂ ಎದೆ ಏಳಲಿಲ್ಲ. ಮೊದಲು ಅರ್ಥವಾದದ್ದು ಅಕ್ಕನಿಗೆ. ಬೇಡ ಬೇಡ ಎಂದು ಅವರು ಕೂಗುತ್ತಿದ್ದರೂ ಕಂಕುಳಿಗೆ ಕೈ ಕೊಟ್ಟು ಅವಳನ್ನು ದರದರನೆ ಒಳಗೆ ಎಳೆದುಕೊಂಡು ಹೋದಳು. ಹಲಗೆಗಳ ನಡುವೆ ಮಲಗಿಸಿದೊಡನೆ ತಂಗಿ ಉಸಿರಾಡಿದಳು.

ಆಸ್ಪತ್ರೆಯ ಕೆಲಸ ಹೋಯಿತು. ಮುದುಕಿ ಒಮ್ಮೆ ಬಂದು, ಗೇಟಿನಾಚೆಯೇ ನಿಂತು, ಮಾಟ ಕಟ್ಟಿದವನು ಸತ್ತು ಮೂವತ್ತು ವರ್ಷವಾಯಿತು, ಬಿಚ್ಚುವವರು ತನಗೆ ಗೊತ್ತಿಲ್ಲ ಎಂದು ಹೇಳಿ ಹೋದಳು. ಅಕ್ಕ ಯಂತ್ರವನ್ನು ಆ ಕೋಣೆಗೇ ತಂದಳು. ಗುಂಡಿ ಹೊಲಿಯುವುದನ್ನು ತಂಗಿ ಕಲಿತಳು.

ದಿನವೂ ಹತ್ತು ಗಂಟೆಗೆ ಅಕ್ಕ ಯಂತ್ರ ನಿಲ್ಲಿಸಿ ಏಳುತ್ತಾಳೆ. "ಬಾರೇ, ಒಂಚೂರು ಓಡಾಡ್ಕೊಂಡು ಬರೋಣ." ಕೈ ಹಿಡಿದು ಹೊಸಿಲು ದಾಟಿಸಿ ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತಾಳೆ. ಮೊದಲ ವಾರ ಅಂಗಳ ಮುಟ್ಟುತ್ತಿದ್ದರು. ಈಗ ನಡುಮನೆಯ ಅರ್ಧಕ್ಕೇ ತಂಗಿಯ ಹಿಡಿತ ಬಿಗಿಯಾಗುತ್ತದೆ, ಕಣ್ಣು ಮೇಲಾಗುತ್ತದೆ. ಅಕ್ಕ ಅವಳನ್ನು ತಬ್ಬಿ ಒಳಗೆ ತಂದು, ಹಲಗೆಗೆ ಒರಗಿಸಿ, ಬೆವರೊರೆಸುತ್ತಾಳೆ.

"ಹನ್ನೊಂದು ಹೆಜ್ಜೆ ಕಣೇ ಇವತ್ತು" ಎಂದಳು ಅಕ್ಕ. "ನಿನ್ನೆಗಿಂತ ಒಂದು ಜಾಸ್ತಿ."

ಇಟ್ಟದ್ದು ಒಂಬತ್ತು. ತಂಗಿಯೂ ಎಣಿಸಿದ್ದಳು.

"ಹೂಂ ಅಕ್ಕ" ಎಂದಳು.