ಏಳನೇ ಪುಟವನ್ನು ಮಡಿಚಿಟ್ಟವನು

"ಇಲ್ಲಿಗೆ ಸಾಕು. ಈ ಕಥೇನ ನಾನು ಮುಂದಕ್ಕೆ ಓದಲ್ಲ."

ಹಾಗೆಂದವನೇ ಆತ ಕೈಯಲ್ಲಿದ್ದ ಹಾಳೆಗಳನ್ನು ಮಡಿಚಿಬಿಟ್ಟ!

ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಚಂದನಳ ಎದೆ ಧಸಕ್ಕೆಂದಿತು. ಹನ್ನೆರಡು ಪುಟಗಳ ಕಥೆ. ಆರು ಪುಟಗಳನ್ನು ಆತ ಮೈಮರೆತು ಓದಿದ್ದ. ಏಳನೆಯದರ ಮೇಲೆ ಕಣ್ಣಾಡಿಸಿದ, ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿದ... ನಿಲ್ಲಿಸಿದ.

ಅದು ಅವಳ ಕಥೆ! ನಾಲ್ಕು ವರ್ಷಗಳ ಬರವಣಿಗೆಯಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ದನಿಯಲ್ಲಿ ಅವಳು ಕೇಳುತ್ತಿದ್ದ ತನ್ನದೇ ಕಥೆ.

ದೊಡ್ಡಬಳ್ಳಾಪುರದ ಆ ಶೆಡ್ಡಿನ ನಾಲ್ಕೂ ಮಗ್ಗಗಳಿಗೆ ತಿಂಗಳ ಎರಡನೇ ಭಾನುವಾರ ರಜೆ. ಅಂದು ಅಲ್ಲಿ ಬರೆಯುವವರು ಸೇರುತ್ತಿದ್ದರು. ಆ ಕೂಟಕ್ಕೆ ಹೆಸರಿಲ್ಲ, ನಿಯಮಗಳು ಮಾತ್ರ ಇವೆ. ಕಥೆಯ ಮೇಲೆ ಹೆಸರು ಹಾಕುವಂತಿಲ್ಲ. ಬರೆದವರೇ ಓದುವಂತಿಲ್ಲ. ಚೀಟಿ ಎತ್ತಿದಾಗ ಯಾರ ಪಾಲಿಗೆ ಬಂತೋ ಅವರು ಕೊನೆಯವರೆಗೂ ಓದಬೇಕು. ಚರ್ಚೆ ಮುಗಿದ ಮೇಲಷ್ಟೇ ಬರೆದವರು ಎದ್ದು ನಿಲ್ಲಬೇಕು.

"ಲೋ ಮುನೀಂದ್ರ!" ಕೂಟದ ಹಿರಿಯರಾದ ಸೊಣ್ಣಪ್ಪ ಮೇಷ್ಟ್ರು ಕನ್ನಡಕ ತೆಗೆದರು. "ಒಂಬತ್ತು ವರ್ಷದಲ್ಲಿ ಒಬ್ರೂ ಅರ್ಧಕ್ಕೆ ನಿಲ್ಸಿಲ್ಲ ಕಣೋ. ನನ್ ನಾಟಕಾನೇ ಎರಡು ಗಂಟೆ ಕೂತು ಓದಿದ್ದಾರೆ, ಪಾಪ!"

ಎಲ್ಲರೂ ನಕ್ಕರು. ಮುನೀಂದ್ರ ನಗಲಿಲ್ಲ.

"ತಪ್ಪು ನಂದೇ ಮೇಷ್ಟ್ರೇ."

"ಕಾರಣ ಏನಪ್ಪಾ?"

"ಹೇಳೋಕಾಗಲ್ಲ."

"ಹಂಗಾದ್ರೆ ಆರು ತಿಂಗಳು ನೀನು ಓದೋ ಹಾಗಿಲ್ಲ. ಬರೀ ಕುರ್ಚಿ ಹಾಕ್ಕೊಂಡಿರು."

"ಆಗ್ಲಿ."

ಒಂದೇ ಮಾತಿನಲ್ಲಿ ಶಿಕ್ಷೆಯನ್ನು ಒಪ್ಪಿಕೊಂಡು, ಹಾಳೆಗಳನ್ನು ಜೋಪಾನವಾಗಿ ತನ್ನ ಬ್ಯಾಗಿಗೆ ಸೇರಿಸಿದ! ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಶೆಡ್ಡಿನ ಒಡತಿ ಪಾಪಕ್ಕ, ತಟ್ಟೆಯನ್ನು ಅಲ್ಲೇ ಇಳಿಸಿ ಒಳಗೆ ಹೋದದ್ದನ್ನು ಚಂದನ ಗಮನಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

*

"ಲೇ, ಚೆನ್ನಾಗಿಲ್ಲ ಅನ್ನಿಸ್ತು, ನಿಲ್ಲಿಸ್ದ. ಬಿಡೇ ಅತ್ಲಾಗೆ," ಎಂದಳು ಪಿಜಿಯಲ್ಲಿ ಜೊತೆಗಿದ್ದ ಪ್ರಿಯಾಂಕ, ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುತ್ತಾ.

"ಚೆನ್ನಾಗಿಲ್ಲದಿದ್ರೆ ಹಾಳೆಗಳನ್ನ ಅಲ್ಲೇ ಬಿಸಾಕ್ತಿದ್ದ ಕಣೇ. ಅಷ್ಟು ಜೋಪಾನವಾಗಿ ತನ್ನ ಬ್ಯಾಗಲ್ಲಿ ಇಟ್ಕೊಂಡಿದ್ಯಾಕೆ?"

ನಂದಗುಡಿಯ ಕಡೆಯ ಹುಡುಗಿ ಚಂದನ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮೊಬೈಲಿನ ಕಥೆಗಳ ಆ್ಯಪಿನಲ್ಲಿ ಅವಳ ಧಾರಾವಾಹಿಗೆ ಸಾವಿರಾರು ಓದುಗರು. 'ಮುಂದಿನ ಭಾಗ ಯಾವಾಗ ಮೇಡಂ?' ಎಂದು ಕೇಳುವವರು ನೂರಾರು ಜನ. ಆದರೆ ಎದುರು ಕುಳಿತು ಬರವಣಿಗೆಯ ಬಗ್ಗೆ ಮಾತಾಡಲು ಒಂದು ಜೀವವೂ ಇರಲಿಲ್ಲ.

ತನ್ನವರನ್ನು ಹುಡುಕುತ್ತಾ ಅವಳು ಅಲೆಯದ ಜಾಗವಿಲ್ಲ. ಬೆಂಗಳೂರಿನ ದೊಡ್ಡ ಹೋಟೆಲಿನ ಸಮಾವೇಶವೊಂದರಲ್ಲಿ ಎರಡು ದಿನ ಕಳೆದಿದ್ದಳು. ಕೈಗೆ ಮೂವತ್ತು ವಿಸಿಟಿಂಗ್ ಕಾರ್ಡುಗಳು ಬಂದವು. 'ನಿಮಗೆಷ್ಟು ಫಾಲೋವರ್ಸ್?' ಎಂದು ಎಲ್ಲರೂ ಕೇಳಿದರು. ಏನು ಬರೆಯುತ್ತೀ ಎಂದು ಒಬ್ಬರೂ ಕೇಳಲಿಲ್ಲ! ಲೇಖಕಿಯರ ವಾಟ್ಸಾಪ್ ಬಳಗ ಸೇರಿದಳು; ಅಲ್ಲಿ ದಿನವೂ ಶುಭೋದಯದ ಹೂವುಗಳು, ವಾರಕ್ಕೊಂದು ಪ್ರಶಸ್ತಿಪತ್ರ. ಹೊಸಕೋಟೆಯ ಕವಿಗೋಷ್ಠಿಯಲ್ಲಿ ಪ್ರತಿಯೊಬ್ಬ ಕವಿಯೂ ತನ್ನ ಪದ್ಯ ಓದಿ, ಶಾಲು ಹೊದ್ದು, ಮನೆಗೆ ಹೊರಟ. ಕೊನೆಯ ಕವಿಯ ಎದುರು ಉಳಿದವರು ಚಂದನ ಮತ್ತು ಶಾಮಿಯಾನದವನು, ಇಬ್ಬರೇ.

ಆಮೇಲೆ ಒಂದು ದಿನ ಜೆರಾಕ್ಸ್ ಅಂಗಡಿಯ ಗೋಡೆಯ ಮೇಲೆ ಕೈಬರಹದ ಚೀಟಿ ಕಂಡಿತು: 'ಬರೆಯುವವರು ಬನ್ನಿ. ಹಾರ, ಶಾಲು, ಮೈಕು ಇಲ್ಲ. ಕಾಫಿ ಇದೆ.'

ಇದೇ ನನ್ನ ಜಾಗ ಎಂದುಕೊಂಡು ಹೋಗಿದ್ದಳು. ಅಲ್ಲೇ ಹೀಗಾಯಿತು!

ಆದರೂ ಆ ದನಿ... ಅವಳು ಗಮನವಿಲ್ಲದೆ ಬರೆದ ವಾಕ್ಯವೊಂದರ ಬಳಿ ಆತ ಒಂದು ಕ್ಷಣ ತಡೆದು, ಅದನ್ನೇ ಇನ್ನೊಮ್ಮೆ ಓದಿದ್ದ. ಅಷ್ಟು ಪ್ರೀತಿಯಿಂದ ಓದುವವನು ಏಳನೇ ಪುಟದಲ್ಲಿ ಕಂಡದ್ದೇನು?

*

ಶುಕ್ರವಾರ ಶಿಫ್ಟು ಬಿಟ್ಟಾಗ ಮುನೀಂದ್ರ ಬಸ್‌ಸ್ಟಾಪಿನಲ್ಲಿ ಬೈಕಿಗೊರಗಿ ನಿಂತಿದ್ದ!

"ಪರಿಚಯ ಹೇಳೋವಾಗ ಬಾಶೆಟ್ಟಿಹಳ್ಳಿ ಅಂದಿದ್ರಿ," ಆತ ತಾನಾಗಿಯೇ ವಿವರಿಸಿದ. "ಅವತ್ತು ಹೊಸಬರು ನೀವೊಬ್ರೇ. ಎದ್ದು ಹೋದೋರೂ ನೀವೊಬ್ರೇ. ಅದಕ್ಕೆ ಕಥೆ ನಿಮ್ದೇ ಅಂದ್ಕೊಂಡೆ."

"ನನ್ನ ಪುಟಗಳನ್ನ ಕೊಡಿ."

ಆತ ಬ್ಯಾಗಿನಿಂದ ತೆಗೆದುಕೊಟ್ಟದ್ದು ಆರೇ ಆರು ಹಾಳೆ.

"ಮಿಕ್ಕಿದ್ದು?"

"ನನ್ನತ್ರ ಇಲ್ಲ."

"ಮತ್ತೆ ಯಾರತ್ರ ಇವೆ?"

ಆತ ಜಕಾರ್ಡ್ ಮಗ್ಗಕ್ಕೆ ಡಿಸೈನಿನ ಕಾರ್ಡುಗಳಿಗೆ ತೂತು ಹೊಡೆದು ಹೊಡೆದು ಒರಟಾದ ಬೆರಳುಗಳನ್ನು ಸುಮ್ಮನೆ ಉಜ್ಜಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಈ ಕಥೆ ನಿಮಗೆ ಎಲ್ಲಿ ಸಿಕ್ತು?"

ಚಂದನಳಿಗೆ ಮೈಯೆಲ್ಲ ಉರಿಯಿತು.

"ಕದ್ದಿದ್ದೀನಿ ಅಂತೀರಾ?"

"ಅಯ್ಯೋ, ಹಂಗಲ್ಲ..."

"ಹಂಗೇ! ಭಾನುವಾರ ಬೆಂಗಳೂರಲ್ಲಿ ಲೇಖಕರ ಸಮಾವೇಶ ಇದೆ. ನಂಗೆ ವೇದಿಕೆ ಮೇಲೆ ಅವಕಾಶ ಕೊಟ್ಟಿದ್ದಾರೆ. ಅವರ ಸಂಕಲನಕ್ಕೂ ತಗೋತಾರಂತೆ. ಇದೇ ಕಥೆ ಓದ್ತೀನಿ. ಹನ್ನೆರಡೂ ಪುಟ!"

ಆತನ ಮುಖ ಕಪ್ಪಿಟ್ಟಿತು. "ಓದಿ. ಬೇಡ ಅನ್ನಲ್ಲ. ಅದಕ್ಕೂ ಮೊದ್ಲು ಒಂದ್ಸಲ ಶೆಡ್ಡಿಗೆ ಬನ್ನಿ, ಮೇಡಂ. ನನ್ನ ವಿಷಯ ಆಗಿದ್ರೆ ಇಲ್ಲೇ ಎಲ್ಲಾ ಹೇಳ್ಬಿಡ್ತಿದ್ದೆ. ಇದು ನಂದಲ್ಲ. ಅದಕ್ಕೇ ಬಾಯಿ ಕಟ್ಟಿದೆ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ನೋಡಬಾರದೆಂದುಕೊಂಡೇ ನೋಡಿದಳು. ಆತ ಹಾಗೇ ನಿಂತಿದ್ದ.

ಆತನದಲ್ಲ... ಹಾಗಾದರೆ ಇದು ಯಾರದು?

*

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಚಂದನ ಕಿಟಕಿಯ ಪಕ್ಕ ಕುಳಿತು ಮೊಬೈಲಿನಲ್ಲಿ ಕಥೆ ತೆರೆದಳು.

ಗಂಡ ಸತ್ತರೂ ಮಗ್ಗ ನಿಲ್ಲಿಸದ ದ್ಯಾವಮ್ಮನ ಕಥೆ ಅದು. ಸಾವಿನ ಸೂತಕ ತಗುಲಿದರೆ ಮಗ್ಗದ ಮೇಲಿನ ಮುಹೂರ್ತದ ಸೀರೆಯನ್ನು ಮದುವೆ ಮನೆಯವರು ಮುಟ್ಟುವುದಿಲ್ಲ. ಹಾಗಾಗಿ ಸೆರಗು ಮುಗಿಯುವವರೆಗೂ ಆಕೆ ಸಾವನ್ನೇ ಬಚ್ಚಿಡುತ್ತಾಳೆ. ಆ ಸಾವು ಬರುವುದು ಏಳನೇ ಪುಟದಲ್ಲಿ. ಕೊನೆಗೆ ಬೀದಿಯ ಜನರೆದುರು ಆಕೆ ಕೈಮುಗಿದು ಕ್ಷಮೆ ಕೇಳುತ್ತಾಳೆ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು.

'ಅರ್ಧ ಗಂಟೆಯ ವೇದಿಕೆ ಇನ್ನೊಮ್ಮೆ ಸಿಕ್ಕೀತು... ಆ ಆರು ಪುಟಗಳು ಎಲ್ಲಿವೆ ಅಂತ ತಿಳಿಯದೆ ಇರಲಾರೆ!'

"ರೀ, ಸ್ವಲ್ಪ ನಿಲ್ಸಿ! ಇಳೀಬೇಕು!"

"ಈಗ ತಾನೇ ಹತ್ತಿದ್ರಲ್ಲಮ್ಮ?"

"ತಪ್ಪು ಬಸ್ಸು!"

ಕಂಡಕ್ಟರ್ ಬೋರ್ಡಿನ ಕಡೆ ನೋಡಿದ, ಅವಳನ್ನು ನೋಡಿದ, ಬಾಗಿಲು ತೆಗೆದ.

ಶೆಡ್ಡಿನಲ್ಲಿ ಅಂದು ರಜೆಯಿರಲಿಲ್ಲ. ಆಳುಗಳು ಇನ್ನೂ ಬಾರದೆ ಮೂರು ಮಗ್ಗಗಳು ಸುಮ್ಮನಿದ್ದವು, ಒಂದು ಓಡುತ್ತಿತ್ತು. ಅದರ ಪಕ್ಕದ ಸ್ಟೂಲಿನ ಮೇಲೆ ಪಾಪಕ್ಕ. ಮೂಲೆಯಲ್ಲಿ ಕಾರ್ಡು ತೂತು ಹೊಡೆಯುತ್ತಿದ್ದ ಮುನೀಂದ್ರ ಅವಳನ್ನು ಕಂಡು ಎದ್ದು ನಿಂತ. ಪಾಪಕ್ಕ ಮಗ್ಗವನ್ನು ನಿಲ್ಲಿಸಿದರು. ಅವರ ಮಡಿಲಲ್ಲಿ ಆರು ಹಾಳೆಗಳಿದ್ದವು!

"ಬಾರವ್ವ, ಕೂತ್ಕೋ. ಅವತ್ತು ನಾನೇ ಇವನತ್ರ ಇಸ್ಕೊಂಡೆ. ಲಾಳಿ ಸದ್ದು ಎಷ್ಟು ಚೆನ್ನಾಗಿ ಬರ್ದಿದ್ದೀಯ! ನೇಯ್ಗೆ ಗೊತ್ತಾ ನಿಂಗೆ?"

"ಇಲ್ಲಕ್ಕ... ಕೇಳಿದ್ದು. ಬಸ್ಸಲ್ಲಿ ನನ್ನ ಹಿಂದಿನ ಸೀಟಲ್ಲಿ ಇಬ್ರು ಹೆಂಗಸ್ರು ಮಾತಾಡ್ಕೋತಿದ್ರು."

"ಗಂಡನ ಹೆಣ ಮಗ್ಗುಲಲ್ಲಿಟ್ಕೊಂಡು ಸೀರೆ ನೇಯ್ದೋಳು ಅಂತ ತಾನೇ?"

"ಹೂಂ..."

"ಎಲ್ಲಾ ಸರಿಯಾಗೇ ಬರ್ದಿದ್ದೀಯ. ಕೊನೇದು ಮಾತ್ರ ತಪ್ಪು ಕಣವ್ವ. ನಾನು ಯಾರತ್ರಾನೂ ಕ್ಷಮೆ ಕೇಳಲಿಲ್ಲ."

ನಾನು!

ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತವರು... ಮುನೀಂದ್ರ ತಲೆಯೆತ್ತಿ ನೋಡಿದ್ದು ಆ ಬಾಗಿಲ ಕಡೆಗೇ!

"ಆ ಬೀದಿ ಬಿಟ್ಟು ಈ ಬೀದಿಗೆ ಬಂದು ಹದಿನಾಲ್ಕು ವರ್ಷ. ಇಲ್ಲಿ ಇವನೊಬ್ಬನಿಗೇ ಗೊತ್ತು. ಅವನು ಅವತ್ತು ಕಾರಣ ಹೇಳಿದ್ರೆ ಅಷ್ಟೂ ಜನ ತಿರುಗಿ ನನ್ನ ಮುಖಾನೇ ನೋಡ್ತಿದ್ರು."

"ಅಕ್ಕ, ನಂಗೊತ್ತಿರ್ಲಿಲ್ಲ... ನಿಜವಾಗ್ಲೂ..."

"ಗೊತ್ತಿರಲಿಲ್ಲ ಸರಿ. ಕೇಳಬೇಕಿತ್ತಲ್ವಾ? ಹದಿನಾಲ್ಕು ವರ್ಷದಲ್ಲಿ ಒಬ್ರೂ ಕೇಳಲಿಲ್ಲ ಮಗಾ. ಮಾತಾಡ್ಕೊಂಡ್ರು, ಅಷ್ಟೇ."

'ಏನು ಬರೆಯುತ್ತೀ ಎಂದು ಒಬ್ಬರೂ ಕೇಳಲಿಲ್ಲ' ಎಂದು ಊರೂರು ತಿರುಗಿ ನೊಂದವಳು ತಾನು. ಹಿಂದಿನ ಸೀಟಿನ ಕಡೆಗೆ ತಿರುಗಿ ಒಂದು ಮಾತು ಕೇಳಿದ್ದಳೇ?

ಚಂದನ ಕುರ್ಚಿಯಿಂದಿಳಿದು ಪಾಪಕ್ಕನ ಕಾಲ ಬಳಿ ನೆಲದ ಮೇಲೆ ಕುಳಿತಳು.

"ಈಗ ಕೇಳ್ತೀನಿ ಅಕ್ಕ. ಮಗ್ಗ ಯಾಕೆ ನಿಲ್ಲಿಸ್ಲಿಲ್ಲ?"

ಪಾಪಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಅವರೇ ಹೇಳಿದ್ದು ಕಣವ್ವ. ಅಲ್ಲೇ ಮಂಚದ ಮೇಲೆ ಮಲಗಿದ್ರು, ಮಧ್ಯಾಹ್ನ. 'ನಿಲ್ಲಿಸ್ಬೇಡ ಪಾಪು. ಸದ್ದು ಕೇಳ್ತಾ ಇದ್ರೆ ನೀನು ಇಲ್ಲೇ ಇದ್ದೀಯ ಅಂತ ಗೊತ್ತಾಗುತ್ತೆ, ನಿದ್ದೆ ಬರುತ್ತೆ' ಅಂದ್ರು. ಯಾವಾಗ ಹೋದ್ರೋ... ತಿರುಗಿ ನೋಡಿದಾಗ ಗೊತ್ತಾಯ್ತು. ನಿಲ್ಲಿಸೋಕೆ ಕೈ ಬರಲಿಲ್ಲ. ನಾನು ನಿಲ್ಲಿಸಿದ್ರೆ ಅವರು ನಿಜವಾಗ್ಲೂ ಹೋಗ್ಬಿಡ್ತಾರೆ ಅನ್ನಿಸ್ತು. ಸೆರಗು ಮುಗಿಯೋ ತನಕ ಜೊತೇಲಿ ಇಟ್ಕೊಂಡೆ."

"ಮತ್ತೆ... ಆ ಸೀರೆ? ಮದುವೆ ಮನೆಗೆ ಕೊಟ್ರಾ?"

"ಕೊಟ್ಟಿದ್ರೆ ತಾನೇ!" ಪಾಪಕ್ಕ ಒದ್ದೆ ಕಣ್ಣಿನಲ್ಲೇ ನಕ್ಕರು. "ನನ್ನ ಟ್ರಂಕಲ್ಲೇ ಇದೆ. ಆ ಹುಡುಗಿಗೆ ನನ್ನ ಮದುವೆ ಸೀರೆ ಕೊಟ್ಟು ಕಳಿಸ್ದೆ."

ಮೂಲೆಯಲ್ಲಿ ಮುನೀಂದ್ರ ಗೋಡೆಯ ಕಡೆ ತಿರುಗಿ ನಿಂತುಬಿಟ್ಟಿದ್ದ.

ಚಂದನಳ ಮೊಬೈಲು ಗುನುಗುಟ್ಟಿತು. ಸಮಾವೇಶದ ಸಂಘಟಕರು. ಅವಳು ಅದನ್ನು ಬ್ಯಾಗಿನ ತಳಕ್ಕೆ ತಳ್ಳಿದಳು.

"ಅಕ್ಕ, ಈ ಕಥೆ ಹರಿದು ಹಾಕ್ತೀನಿ."

"ಯಾಕೆ? ಸರಿಯಾಗಿ ಬರಿ. ದ್ಯಾವಮ್ಮ ಅಂತಾನೇ ಇರ್ಲಿ. ಆದ್ರೆ ಅವಳು ಕೈ ಮುಗಿಯೋದು ಬೇಡ."

*

ಮುಂದಿನ ಕೂಟದಲ್ಲಿ ಸೊಣ್ಣಪ್ಪ ಮೇಷ್ಟ್ರು ಕಥೆಗಳ ಕಟ್ಟು ಬಿಚ್ಚುತ್ತಿದ್ದಂತೆ ಪಾಪಕ್ಕ ನಡುವೆ ಬಂದು ನಿಂತರು.

"ಮೊದಲನೇದು ಮುನೀಂದ್ರ ಓದ್ಲಿ ಮೇಷ್ಟ್ರೇ."

"ಅವನಿಗೆ ಶಿಕ್ಷೆ ಇದೆಯಲ್ಲಮ್ಮ?"

"ಅವನು ಅವತ್ತು ನಿಲ್ಲಿಸಿದ್ದು ನನಗೋಸ್ಕರ. ಇವತ್ತು ನನಗೋಸ್ಕರಾನೇ ಮುಗಿಸ್ಲಿ."

ಅಷ್ಟು ಹೇಳಿ ಪಾಪಕ್ಕ ಮುಂದಿನ ಸಾಲಿನಲ್ಲಿ ಕುಳಿತರು. ತೊಡೆಯ ಮೇಲೆ ಮಾವಿನೆಲೆ ಹಸಿರಿನ, ಕೆಂಪಂಚಿನ ಒಂದು ಸೀರೆ.

ಮುನೀಂದ್ರ ಓದಿದ. ಏಳನೇ ಪುಟಕ್ಕೆ ಬಂದಾಗ ಆತ ತಲೆಯೆತ್ತಿದ. ಪಾಪಕ್ಕ ಹೂಂ ಎಂದು ತಲೆಯಾಡಿಸಿದರು. ಆತ ಓದುತ್ತಾ ಹೋದ... ಎಂಟು, ಒಂಬತ್ತು, ಹನ್ನೆರಡು. 'ಸೆರಗು ಮುಗಿಯುವ ತನಕ ದ್ಯಾವಮ್ಮ ಅವನನ್ನು ಜೊತೆಯಲ್ಲೇ ಇಟ್ಟುಕೊಂಡಳು' ಎಂಬ ಕೊನೆಯ ಸಾಲಿಗೆ ಆತನ ದನಿ ಒಡೆಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಂದು ಚರ್ಚೆಗೂ ಕಾಯದೆ ಮೇಷ್ಟ್ರು ಕೇಳಿದರು: "ಯಾರಪ್ಪಾ ಬರೆದೋರು?"

ಚಂದನ ಎದ್ದು ನಿಂತಳು. ಅವಳ ಜೊತೆಗೇ ಪಾಪಕ್ಕನೂ ಎದ್ದರು!

ಆಮೇಲೆ ಶುರುವಾದವು ಪ್ರಶ್ನೆಗಳು. ಯಾಕೆ ಹೀಗೆ, ಇದು ಹೇಗೆ ಹೊಳೆಯಿತು, ಮುಂದೇನು ಬರೆಯುತ್ತೀ... ಕಾಫಿ ಆರಿ ತಣ್ಣಗಾದರೂ ಪ್ರಶ್ನೆಗಳು ಮುಗಿಯಲಿಲ್ಲ. ಹೋಟೆಲು, ಗೋಷ್ಠಿ, ಬಳಗ ಎಂದು ಅವಳು ಹುಡುಕಿ ಅಲೆದದ್ದು ಇದನ್ನೇ.

ಎಲ್ಲರೂ ಹೋದ ಮೇಲೆ ಮುನೀಂದ್ರ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ಬಸ್‌ಸ್ಟಾಪಲ್ಲಿ ಕೂಗಾಡಿದೆ," ಎಂದಳು ಚಂದನ. "ಅಷ್ಟಾದ್ರೂ ಒಂದು ಮಾತು ಬಿಟ್ಟುಕೊಡಲಿಲ್ಲ ನೀವು. ಇನ್ನೊಬ್ಬರ ಗುಟ್ಟನ್ನ ಹಿಂಗೆ ಕಾಯೋರನ್ನ ನಾನು ನೋಡಿಲ್ಲ."

ಆತ ಕಿವಿಯ ತನಕ ಕೆಂಪಾದ.

"ಒಂದು ಕೇಳ್ಲಾ? ನೀವು ಏನು ಬರೀತೀರಾ?"

ಆತನ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. "ಇಲ್ಲಿ ಎಲ್ಲರ ಕಥೆ ಓದಿದ್ದೀನಿ. ನಂದು ಯಾರಿಗೂ ಕೊಟ್ಟಿಲ್ಲ..." ಎನ್ನುತ್ತಾ ಶರ್ಟಿನ ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದ. "ಈ ತಿಂಗಳೆಲ್ಲಾ ಬರ್ದೆ."

ಚಂದನ ಅಲ್ಲೇ ನಿಂತು ಓದತೊಡಗಿದಳು, ಗಟ್ಟಿಯಾಗಿ. ಹೆಸರಿಲ್ಲದ ಕಥೆಯೊಂದನ್ನು ಓದಲು ಕುಳಿತವನೊಬ್ಬ, ಆರನೇ ಪುಟ ಮುಗಿಯುವಷ್ಟರಲ್ಲಿ ಅದನ್ನು ಬರೆದವಳು ಯಾರೆಂದು ತಿಳಿಯದೆಯೇ ಅವಳಿಗೆ ಮನಸ್ಸು ಕೊಟ್ಟುಬಿಟ್ಟ ಕಥೆ ಅದು. ಓದುತ್ತಾ ಅವಳ ದನಿ ಸಣ್ಣದಾಯಿತು, ಕೆನ್ನೆ ಬಿಸಿಯಾಯಿತು. ಆರು ಪುಟ ಮುಗಿಯಿತು. ಮಗುಚಿದಳು.

ಏಳನೆಯದು ಖಾಲಿ.

"ಮುಂದಕ್ಕಿಲ್ಲ... ಇಲ್ಲಿಗೆ ನಿಲ್ಲಿಸ್ಲಾ?" ಅವಳು ತಲೆಯೆತ್ತದೆ ಕೇಳಿದಳು.

ಮುನೀಂದ್ರ ಜೇಬಿನ ಪೆನ್ನು ತೆಗೆದು ಅವಳ ಕೈಗಿಟ್ಟ.

"ನಿಲ್ಲಿಸ್ಬೇಡಿ."