ಮದಲಗಿತ್ತಿ ಮಟ್ಟಿಯ ಅರಿಶಿನ ವಾಸನೆ

ನಾಲ್ಕು ಕಿಲೋಮೀಟರಿಗೆ ಐದು ಲೀಟರ್ ನೀರು. ದುರಗಪ್ಪನ ಹಳೆಯ ಜಿಪ್ಸಿ ಜೀಪಿನ ರೇಡಿಯೇಟರ್ ಒಂದು ವಾರದಿಂದ ಕೇಳುತ್ತಿದ್ದ ದರ ಇದು. ಡಾಂಬರು ರಸ್ತೆ ಬಿಟ್ಟ ಮೇಲೆ ಮದಲಗಿತ್ತಿ ಮಟ್ಟಿ ಗುಡ್ಡದ ಕಾವಲು ಗೋಪುರಕ್ಕೆ ಹದಿನಾಲ್ಕು ಕಿಲೋಮೀಟರ್, ಮರಳಿ ಬರಲು ಮತ್ತೆ ಅಷ್ಟೇ. ಒಟ್ಟು ಮೂವತ್ತೈದು ಲೀಟರ್. ಹಿಂದಿನ ಸೀಟಿನ ಬಳಿ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಿದ್ದವು. ಉಳಿಯುವ ಐದು ಲೀಟರ್ ನಾಲ್ಕು ಜನರ ಬಾಯಿಗೆ. ಏಪ್ರಿಲ್ ಬಿಸಿಲಿಗೆ ಅದು ಏನೂ ಅಲ್ಲ, ಆದರೂ ಲೆಕ್ಕ ಕೂಡುತ್ತಿತ್ತು.

ಮುಮ್ತಾಜಬಿಗೆ ಇಷ್ಟು ಚೆನ್ನಾಗಿ ಕೂಡುವ ಲೆಕ್ಕದ ಮೇಲೆ ನಂಬಿಕೆ ಕಡಿಮೆ. ಬ್ಯಾಡಗಿಯಲ್ಲಿ ಇಪ್ಪತ್ತೆರಡು ವರ್ಷ ಗ್ಯಾರೇಜು ನಡೆಸಿದ ಹೆಂಗಸು ಅವಳು. ಗಾಡಿಯ ಕೆಳಗೆ ಹಾಸಿದ್ದ ರಟ್ಟನ್ನು ಎಳೆದು ನೋಡಿದಳು. ಒಂದು ಹನಿಯ ಗುರುತೂ ಇರಲಿಲ್ಲ.

"ನೀರು ಕುಡೀತೈತಿ, ಉಚ್ಚಿ ಹೊಯ್ಯಂಗಿಲ್ಲ," ಎಂದ ದುರಗಪ್ಪ. "ಹಂಗಾರ ಎಲ್ಲಿ ಹೋಗ್ತೈತಿ ಅಕ್ಕಾ?"

ಅವಳು ಆಯಿಲ್ ಕಡ್ಡಿ ಎಳೆದು ಬೆರಳಿಗೆ ಒರೆಸಿಕೊಂಡಳು. "ಆಯಿಲಿನಾಗ ಬಂದಿಲ್ಲ. ಬಂದಿದ್ದರ ಆಯಿಲು ಹಾಲು ಹಾಕಿದ ಚಾದಂಗ ಆಗಿರ್ತಿತ್ತು. ಒಳಗ ಎಲ್ಲೋ ಸೋರತೈತಿ. ಬಿಚ್ಚಿ ನೋಡಾಕ ಇವತ್ತು ಟೈಮಿಲ್ಲ. ನಾನೂ ಬರ್ತೀನಿ, ನಡಿ."

ಬೆಳಿಗ್ಗೆ ಒಂಬತ್ತಕ್ಕೆ ಅರಣ್ಯದ ವಾಚರ್ ಡಾಕಪ್ಪ ಗೋಪುರದ ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಸುದ್ದಿಯನ್ನು ಕುರಿಗಾಹಿಯೊಬ್ಬ ಬೈಕಿನಲ್ಲಿ ತಂದು ಮುಟ್ಟಿಸಿದ್ದ. ಆ ದಾರಿಯ ಕೊರಕಲುಗಳಲ್ಲಿ ಅಂಬುಲೆನ್ಸ್ ಇಳಿಯುವುದಿಲ್ಲ. ಅದು ರಸ್ತೆಯಲ್ಲೇ ಕಾಯುತ್ತಿತ್ತು. ಜೊತೆಗೆ ಹೊರಟ ನರ್ಸ್ ಸುಚಿತ್ರಾ ಒಂದೇ ಮಾತು ಹೇಳಿದ್ದಳು: "ಪಾದ ತಣ್ಣಗಾಗೈತಂತ. ಮಧ್ಯಾಹ್ನ ಮೂರರ ಒಳಗ ಹಾವೇರಿಗೆ ಮುಟ್ಟಲಿಲ್ಲಂದ್ರ ಕಾಲು ತಗೀತಾರ."

ಕುರುಚಲು ಮುಗಿದು ನೀಲಗಿರಿ ತೋಪು ಶುರುವಾಯಿತು. ಗೆರೆ ಕೊರೆದು ನೆಟ್ಟ ಮರಗಳು. ಯಾವ ಸಾಲಿನ ನಡುವೆ ಕಣ್ಣು ಹಾಯಿಸಿದರೂ ಅದೇ ಬಿಳಿ ಕಾಂಡ, ಅದೇ ಒಣ ಎಲೆ, ಕೊನೆಯಲ್ಲಿ ಅದೇ ಚೂರು ಬೆಳಕು. ಹಕ್ಕಿಯ ದನಿ ಇರಲಿಲ್ಲ. ದಾರಿಯ ಪಕ್ಕದಲ್ಲೇ ನಿಂತಿದ್ದ ಚಿಗರಿ ಜಿಂಕೆಗಳ ಹಿಂಡು ಓಡಲಿಲ್ಲ. ಅವು ಗಾಡಿಯನ್ನು ಬಿಟ್ಟು ಗಾಡಿಯ ಹಿಂದೆ ಏನನ್ನೋ ನೋಡುತ್ತಿದ್ದವು.

"ಅರಿಶಿನದ ವಾಸನಿ ಬರಾಕತ್ತೈತಿ," ಎಂದಳು ಸುಚಿತ್ರಾ.

ಸ್ಟೇರಿಂಗ್ ಮೇಲೆ ದುರಗಪ್ಪನ ಕೈ ಬಿಗಿಯಿತು. ಆ ಗುಡ್ಡಕ್ಕೆ ಮದಲಗಿತ್ತಿ ಮಟ್ಟಿ ಎಂಬ ಹೆಸರು ಬಂದದ್ದೇ ಹಾಗೆ. ಮೈಮೇಲಿನ ಅರಿಶಿನ ಆರುವ ಮೊದಲೇ ಗಂಡನ ಮನೆಗೆ ನಡೆದು ಹೊರಟ ಹುಡುಗಿ ಇಲ್ಲಿ ನೀರಡಿಸಿ ಸತ್ತಳಂತೆ. ದಾರಿಹೋಕರನ್ನು ಈಗಲೂ ನೀರು ಕೇಳುತ್ತಾಳಂತೆ.

"ನೀರಡಿಸಿದಾಕಿ ಒಂದು ಲೋಟ ಕೇಳ್ತಾಳ," ಎಂದಳು ಮುಮ್ತಾಜಬಿ. "ಕೊಡಗಟ್ಲೆ ಕುಡದರ ಅದು ದೆವ್ವ ಅಲ್ಲೋ ಅಣ್ಣಾ, ಇಂಜಿನ್ನಿನ ಒಡದ ಗ್ಯಾಸ್ಕೆಟ್." ಹೇಳಿದಳೇನೋ ನಿಜ. ಆದರೆ ವಾಸನೆ ಅವಳ ಮೂಗಿಗೂ ಬಡಿಯಿತು.

ಗೋಪುರ ಮುಟ್ಟುವಷ್ಟರಲ್ಲಿ ಒಂದೂವರೆ ಕ್ಯಾನು ಖಾಲಿ. ಸುಚಿತ್ರಾ ಮುರಿದ ಕಾಲಿಗೆ ಎರಡು ಬಿದಿರು ಕಟ್ಟಿದಳು. ಮೂವರೂ ಸೇರಿ ಡಾಕಪ್ಪನನ್ನು ಎತ್ತಿ ಹಿಂದೆ ಮಲಗಿಸಿದರು. ನೋವಿನಲ್ಲಿ ಅರ್ಧ ಎಚ್ಚರವಿದ್ದ ಅವನು ಗಾಡಿಯ ಹಿಂದಕ್ಕೆ ಕೈ ತೋರಿದ.

"ನೀವು ಮೂರು ಮಂದಿ. ಅಲ್ಲಿ ನಿಂತಾಕಿ ಯಾರು?"

ಗಾಳಿಯಿಲ್ಲದ ಬಯಲಲ್ಲಿ ಸೈಲೆನ್ಸರಿನ ಬಿಳಿ ಹೊಗೆ ಚದುರದೆ ಆಳೆತ್ತರಕ್ಕೆ ನಿಂತಿತ್ತು.

ಮರಳುವಾಗ, ತೋಪಿನ ನಡುವೆ, ಡಾಂಬರಿಗೆ ಇನ್ನೂ ಏಳು ಕಿಲೋಮೀಟರ್ ಇರುವಾಗ ಇಂಜಿನ್ ಬಿಸಿ ತೋರುವ ಮುಳ್ಳು ಕೆಂಪಿಗೆ ಏರಿತು. ಇಂಜಿನ್ ನಡುಗಿ ನಿಂತಿತು.

ಮಧ್ಯಾಹ್ನ ಹನ್ನೆರಡೂವರೆ. ಉಳಿದದ್ದು ನಾಲ್ಕು ಲೀಟರ್.

"ನೀರು ಪೇಶಂಟಿಗೆ ಬೇಕು," ಎಂದಳು ಸುಚಿತ್ರಾ.

"ಕಾಲು ಹೋದರ ಏಣಿ ಹತ್ತೋ ನೌಕರಿನೂ ಹೋಗ್ತೈತಿ ಸಿಸ್ಟರ್," ಡಾಕಪ್ಪ ಗೊಣಗಿದ. "ಗಾಡಿಗಿ ಹಾಕ್ರಿ."

"ಎಲ್ಲಿ ಹೋಗ್ತೈತಿ ಅಂತ ತಿಳಿಯೂತನಕ ಒಂದು ಹನಿ ಹಾಕಂಗಿಲ್ಲ," ಎಂದಳು ಮುಮ್ತಾಜಬಿ. ನೀರು ಸಿಲಿಂಡರಿನೊಳಗೆ ನಿಂತಿದ್ದರೆ, ಸ್ಟಾರ್ಟ್ ಮಾಡಿದ ಕೂಡಲೇ ಒಳಗಿನ ಕಬ್ಬಿಣದ ರಾಡು ಬಾಗುತ್ತದೆ. ಆಮೇಲೆ ಎತ್ತಿನ ಗಾಡಿಯೇ ಗತಿ.

ಇಂಜಿನ್ ಆರಲೆಂದು ಕಾದರು. ನಿಂತ ಗಾಡಿಯೊಳಗೆ ಗುಳು ಗುಳು ಸದ್ದು, ಯಾರೋ ಕತ್ತಲಲ್ಲಿ ಗುಟುಕರಿಸಿದ ಹಾಗೆ. ಮತ್ತೆ ಅರಿಶಿನ. ದುರಗಪ್ಪ ಕಣ್ಣು ಮುಚ್ಚಿ, ಮೈಲಾರಲಿಂಗನನ್ನು ನೆನೆದು "ಏಳಕೋಟಿ, ಏಳಕೋಟಿ" ಎನ್ನುತ್ತಿದ್ದ. ಅವನ ಬೆರಳ ಉಗುರುಗಳೆಲ್ಲ ಹಳದಿಯಾಗಿದ್ದನ್ನು ಮುಮ್ತಾಜಬಿ ಆಗ ಕಂಡಳು.

"ಅಣ್ಣಾ, ರೇಡಿಯೇಟರಿನಾಗ ಏನು ಹಾಕೀದಿ?"

ಅವನು ನೆಲ ನೋಡಿದ. "ದೇವರಗುಡ್ಡದ ಭಂಡಾರ, ಪೂಜಿ ಅರಿಶಿನ. ಮುಂಜಾನಿ ಎರಡು ಮುಷ್ಟಿ. ಮೈಲಾರಲಿಂಗ ಕಾಯಲಿ ಅಂತ. ಅರಿಶಿನ ಹಾಕಿದರ ಸಣ್ಣ ತೂತೂ ಮುಚ್ಚತೈತಿ ಅಂತಾರಲ್ಲ."

"ಮೊದಲ ಯಾಕ ಹೇಳಲಿಲ್ಲ?"

"ಬೈತಿ ಅಂತ."

"ಬೈಯೂದು ಬ್ಯಾಡಗಿಗಿ ಹೋಗಿ ಬೈತೀನಿ." ಅವಳ ಮುಖ ಬೆಳಗಿತ್ತು. ರೇಡಿಯೇಟರಿನ ಅರಿಶಿನ ಸೈಲೆನ್ಸರಿನಲ್ಲಿ ನಾರುತ್ತಿದೆ ಎಂದರೆ ನೀರು ಬೆಂಕಿಯ ಕೋಣೆಗೇ, ಸಿಲಿಂಡರಿಗೇ ಇಳಿಯುತ್ತಿದೆ. ಕೋಣೆಗಳು ನಾಲ್ಕು. ಯಾವುದು?

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದಳು. ಮೂರು ಕಂದು ಬಣ್ಣಕ್ಕೆ ತಿರುಗಿದ್ದವು. ಮೂರನೆಯ ಸಿಲಿಂಡರಿನದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿತ್ತು. ಪ್ಲಗ್ಗು ಕಳಚಿದ ಆ ತೂತಿನ ಮುಂದೆ ಸುಚಿತ್ರಾಳ ಬಿಳಿ ಬ್ಯಾಂಡೇಜು ಹಿಡಿದಳು.

"ಚಾವಿ ತಿರುವು. ಒಂದ ಸಲ."

ಫಸ್ ಎಂದು ತುಂತುರು ಚಿಮ್ಮಿತು. ಬಟ್ಟೆಯ ಮೇಲೆ ಹಳದಿ ಕಲೆ. ಹಳೆಯ ಪೆಟ್ರೋಲೂ ಹಳದಿಯೇ. ಅವಳು ದುರಗಪ್ಪನ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಕಲೆಗೆ ತಿಕ್ಕಿದಳು.

ಕಲೆ ಎಲ್ಲರ ಕಣ್ಣೆದುರೇ ರಕ್ತದ ಬಣ್ಣಕ್ಕೆ ತಿರುಗಿತು.

ಸುಚಿತ್ರಾ ಒಂದು ಹೆಜ್ಜೆ ಹಿಂದೆ ಸರಿದಳು. "ಹೆದರಬ್ಯಾಡವ್ವಾ, ಅರಿಶಿನಕ್ಕ ಸುಣ್ಣ ಬಿದ್ದರ ಕೆಂಪಾಗೂದ," ಎಂದಳು ಮುಮ್ತಾಜಬಿ. ಉಳಿದ ಮೂರು ತೂತುಗಳ ಬಟ್ಟೆ ಕೆಂಪಾಗಲಿಲ್ಲ.

ಆಮೇಲೆ ಕೆಲಸ ಚುರುಕಾಯಿತು. ಮೂರು ಪ್ಲಗ್ಗು ಒಳಗೆ. ಮೂರನೆಯ ತೂತು ಬಾಯಿ ತೆರೆದೇ ಇರಲಿ, ಬಂದ ನೀರು ಹೊರಗೆ ಉಗುಳಲಿ. ಅದರ ತಂತಿಯನ್ನು ಕಿಡಿ ಹಾರದಂತೆ ಗಾಡಿಯ ಕಬ್ಬಿಣದ ಮೈಗೆ ಕಟ್ಟಿದಳು. ಒಳಗೆ ಒತ್ತಡ ಏರದಂತೆ ರೇಡಿಯೇಟರಿನ ಮುಚ್ಚಳ ಅರ್ಧ ಸಡಿಲ. ಮೂರು ಲೀಟರ್ ನೀರು ಗಾಡಿಗೆ, ಒಂದು ಡಾಕಪ್ಪನಿಗೆ.

"ತೂತಿನಿಂದ ಪೆಟ್ರೋಲಿನ ಹಬೆನೂ ಬರ್ತೈತಿ. ಬೆಂಕಿ ಹತ್ತಿದರ?" ಎಂದ ದುರಗಪ್ಪ.

"ಅದಕ್ಕ ನಾನು ಹೊರಗ ಕುಂದರ್ತೀನಿ."

ಬಾನೆಟ್ ಕಳಚಿ ದಾರಿಯ ಬದಿಗೆ ಎಸೆದರು. ಮುಮ್ತಾಜಬಿ ಮಡಿಲಲ್ಲಿ ಮರಳು ತುಂಬಿದ ಬಕೆಟ್ ಇಟ್ಟುಕೊಂಡು ಮಡ್‌ಗಾರ್ಡ್ ಮೇಲೆ ಕುಳಿತಳು.

ಇಂಜಿನ್ ಎದ್ದಿತು. ಕುಂಟುತ್ತ, ಕೆಮ್ಮುತ್ತ, ಪಟ ಪಟ ಹೊಡೆಯುತ್ತ ಹೊರಟಿತು. ತೆರೆದ ತೂತು ಅವಳ ತೋಳಿಗೆ ಬಿಸಿ ಹಳದಿ ಉಗುಳುತ್ತಿತ್ತು. ಅವಳು ಕೈ ಕದಲಿಸಲಿಲ್ಲ. ಕೊರಕಲು. ಎತ್ತಿ ಹಾಕಿತು. ಒಮ್ಮೆ ನೀಲಿ ಜ್ವಾಲೆ ಪುಟಿಯಿತು. ಮರಳು ಸುರಿದಳು. ಆರಿತು. ಎರಡು ಸಲ ನಿಲ್ಲಿಸಿ ಇಂಜಿನ್ ತಣಿಸಿಕೊಂಡರು. ಎರಡು ಸಲವೂ ಮರದ ಸಾಲುಗಳ ಕಡೆ ಯಾರೂ ನೋಡಲಿಲ್ಲ.

ಒಂದೂ ಮುಕ್ಕಾಲಿಗೆ ಡಾಂಬರು ಸಿಕ್ಕಿತು. ಎರಡೂ ಮುಕ್ಕಾಲಿಗೆ ಡಾಕಪ್ಪ ಹಾವೇರಿಯಲ್ಲಿ ಡಾಕ್ಟರ ಕೈಯಲ್ಲಿದ್ದ.

ಡಾಕಪ್ಪನ ಕಾಲು ಉಳಿಯಿತು, ಪಾದದ ಎರಡು ಬೆರಳು ಉಳಿಯಲಿಲ್ಲ. ಮುಮ್ತಾಜಬಿಯ ತೋಳಿನ ಸುಟ್ಟಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಜಿಪ್ಸಿಯ ಇಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಪಕ್ಕ ಗ್ಯಾಸ್ಕೆಟ್ ಉಗುರಿನಷ್ಟು ಸುಟ್ಟುಹೋಗಿತ್ತು, ಹೆಡ್ಡಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಆ ಇಂಜಿನ್ ಮತ್ತೆ ಓಡಲಿಲ್ಲ.